‘ಚಾರ್ಜ್’ ಪದದ ಜೊತೆಗಾರರನ್ನು ನಾನು ಗುರುತಿಟ್ಟುಕೊಂಡ ಬಗೆ

ಸುದ್ದಿಮನೆಗೆ ಸೇರಿದ ಹೊಸತರಲ್ಲಿ ಪ್ರತಿಭಟನೆಯ ವರದಿಯೊಂದು ನನ್ನ ಮೇಜಿಗೆ ಬಂತು. ‘ಪೊಲೀಸ್ ಚಾರ್ಜ್ಡ್ ದ ಕ್ರೌಡ್’ ಎಂಬ ವಾಕ್ಯವನ್ನು ನಾನು ‘ಪೊಲೀಸರು ಗುಂಪಿನ ಮೇಲೆ ಆರೋಪ ಹೊರಿಸಿದರು’ ಎಂದು ಅನುವಾದಿಸಿದೆ. ಪುಟ ಅಚ್ಚಿಗೆ ಹೋಗುವ ಮೊದಲು ಹಿರಿಯ ಸಹೋದ್ಯೋಗಿಯೊಬ್ಬರು ಅದನ್ನು ‘ಗುಂಪಿನತ್ತ ನುಗ್ಗಿದರು’ ಎಂದು ತಿದ್ದಿದರು. ಗಾಯಗೊಂಡು ಆಸ್ಪತ್ರೆ ಸೇರಿದವರನ್ನು ನಾನು ಆರೋಪಿಗಳನ್ನಾಗಿ ಮಾಡಿಬಿಟ್ಟಿದ್ದೆ. ಆ ತಪ್ಪು ನನ್ನನ್ನು ಬಹಳ ದಿನ ಕಾಡಿತು.

ಮರುದಿನವೇ ಒಂದು ನೋಟ್‌ಪುಸ್ತಕ ಕೊಂಡು, ಮೊದಲ ಪುಟದ ನೆತ್ತಿಯಲ್ಲಿ ‘ಚಾರ್ಜ್’ ಎಂದು ಬರೆದೆ. ಅರ್ಥಗಳನ್ನು ಬರೆಯಲಿಲ್ಲ, ಅವು ನಿಘಂಟಿನಲ್ಲಿ ಇದ್ದೇ ಇದ್ದವು. ಆ ಪದ ಯಾವ ಪದದ ಜೊತೆ ಬರುತ್ತದೆ ಎಂಬುದನ್ನಷ್ಟೇ ದಿನದ ಸುದ್ದಿಗಳಿಂದ ಹೆಕ್ಕಿ ಬರೆದೆ. ಕನ್ನಡದ ಬದಿಯಲ್ಲಿ ಕ್ರಿಯಾಪದ ಇರಲೇಬೇಕೆಂದು ನಿಯಮ ಮಾಡಿಕೊಂಡೆ. ‘ಶುಲ್ಕ’ ಎಂದು ಬರೆದು ನಿಲ್ಲಿಸಿದರೆ ವಾಕ್ಯ ಕಟ್ಟುವಾಗ ಮತ್ತೆ ತಡವರಿಸಬೇಕು. ‘ಶುಲ್ಕ ವಿಧಿಸು’ ಎಂದಿದ್ದರೆ ಕೈ ತಾನೇ ಓಡುತ್ತದೆ.

‘ಚಾರ್ಜ್’ ಕ್ರಿಯಾಪದವಾದಾಗ ಅದರ ನಂತರ ‘ವಿತ್’ ಬಂದರೆ ಸಾಮಾನ್ಯವಾಗಿ ಅಪರಾಧದ ಮಾತು, ‘ಫಾರ್’ ಬಂದರೆ ಹೆಚ್ಚಾಗಿ ಹಣದ ಮಾತು. ನ್ಯಾಯಾಲಯದ ಸುದ್ದಿಯಲ್ಲಿ ಇನ್ನೂ ಎಚ್ಚರ ಬೇಕು. ‘ಚಾರ್ಜ್‌ಶೀಟ್’ ಎಂದರೆ ದೋಷಾರೋಪ ಪಟ್ಟಿ; ಅದನ್ನು ಸಲ್ಲಿಸುವವರು ಪೊಲೀಸರು. ‘ಫ್ರೇಮಿಂಗ್ ಆಫ್ ಚಾರ್ಜಸ್’ ನ್ಯಾಯಾಧೀಶರ ಕೆಲಸ, ‘ದೋಷಾರೋಪ ನಿಗದಿ ಮಾಡು’. ಇವೆರಡನ್ನು ಬೆರೆಸಿದರೆ ಪ್ರಕರಣ ಯಾವ ಹಂತದಲ್ಲಿದೆ ಎಂಬುದೇ ಓದುಗರಿಗೆ ತಪ್ಪಾಗಿ ತಲುಪುತ್ತದೆ.

ನನ್ನನ್ನು ಹೆಚ್ಚು ದಿನ ಸತಾಯಿಸಿದ್ದು ‘ಇನ್‌ಚಾರ್ಜ್’. ಜಿಲ್ಲೆಗೆ ನೇಮಕವಾದ ಸಚಿವರು ‘ಉಸ್ತುವಾರಿ ಸಚಿವರು’. ಕಾಯಂ ಪ್ರಾಂಶುಪಾಲರು ಬರುವವರೆಗೆ ಕಾಲೇಜು ನೋಡಿಕೊಳ್ಳುವವರು ‘ಪ್ರಭಾರ ಪ್ರಾಂಶುಪಾಲರು’. ಇಂಗ್ಲಿಷಿನಲ್ಲಿ ಇಬ್ಬರೂ ಒಂದೇ. ಕನ್ನಡ ಮಾತ್ರ ಹುದ್ದೆ ತಾತ್ಕಾಲಿಕವೋ ಅಲ್ಲವೋ ಎಂದು ಕೇಳುತ್ತದೆ. ‘ಟೇಕ್ ಚಾರ್ಜ್’ ಇಬ್ಬರಿಗೂ ‘ಅಧಿಕಾರ ವಹಿಸಿಕೊಳ್ಳು’ ಆಗುತ್ತದೆ. ನಡುವೆ ‘ದ’ ಸೇರಿದರೆ ಇಡೀ ಸಂಬಂಧವೇ ತಿರುವುಮುರುವಾಗುತ್ತದೆ: ‘ಇನ್ ಚಾರ್ಜ್ ಆಫ್’ ಎಂದರೆ ನೋಡಿಕೊಳ್ಳುವವರು, ‘ಇನ್ ದ ಚಾರ್ಜ್ ಆಫ್’ ಎಂದರೆ ಇನ್ನೊಬ್ಬರ ಸುಪರ್ದಿಯಲ್ಲಿ ಇರುವವರು.

ಮೊದಲ ಮಹಾಯುದ್ಧದಲ್ಲಿ ಇಂದಿನ ಇಸ್ರೇಲಿನ ಹೈಫಾ ನಗರಕ್ಕಾಗಿ ನಡೆದ ಕದನದ ಬಗ್ಗೆ ಲೇಖನ ಅನುವಾದಿಸುವಾಗ ‘ಕ್ಯಾವಲ್ರಿ ಚಾರ್ಜ್’ ಸಿಕ್ಕಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ನಮ್ಮ ಮೈಸೂರು ಸಂಸ್ಥಾನದ ಅಶ್ವದಳ ಮೈಸೂರು ಲ್ಯಾನ್ಸರ್ಸ್‌ನವರು ಕೂಡ ಅಲ್ಲಿ ಹೋರಾಡಿದ್ದರು. ‘ಅಶ್ವದಳದ ದಾಳಿ’ ಎಂದರೆ ಅರ್ಥ ಬರುತ್ತದೆ, ವೇಗ ಬರುವುದಿಲ್ಲ. ‘ಕುದುರೆ ಸವಾರರು ಶತ್ರುವಿನ ಮೇಲೆರಗಿದರು’ ಎಂದು ಬರೆದಾಗಲೇ ನನಗೆ ಸಮಾಧಾನ.

ಪುಟ ತುಂಬಿದ ಮೇಲೆ ಪದದ ಮೂಲ ಹುಡುಕಿದೆ. ಗಾಡಿಗೆ ಸರಕು ಹೇರುವುದು ಎಂಬ ಅರ್ಥದ ಹಳೆಯ ಲ್ಯಾಟಿನ್ ಪದದಿಂದ ಅದು ಬಂದಿದೆ. ನನ್ನ ಕನ್ನಡ ಬದಿಯನ್ನು ಮತ್ತೆ ಓದಿದಾಗ ಮೈ ಜುಮ್ಮೆಂದಿತು: ಆರೋಪ ‘ಹೊರಿಸು’, ಅಧಿಕಾರ ‘ವಹಿಸಿಕೊಳ್ಳು’, ಪ್ರ‘ಭಾರ’. ಅಲ್ಲೂ ಹೊರೆಯೇ ಇತ್ತು.