ಮಾವನ ತೆಂಗಿನಕಾಯಿ, ಐದು ಪೈಪು ಮತ್ತು ನಮ್ಮೂರ ವಾಟ್ಸಾಪ್ ಗ್ರೂಪು

ಎರಡು ವರ್ಷದ ಹಿಂದೆ ದಾವಣಗೆರೆಯಲ್ಲಿ ವಿಜ್ಞಾನ ಮೇಷ್ಟ್ರುಗಳು ಏಳೆಂಟು ಜನ ಬೆಣ್ಣೆ ದೋಸೆ ತಿನ್ನುತ್ತಾ ಕೂತಿದ್ದೆವು. ಅಂಗೈ ಮೇಲೆ ತೆಂಗಿನಕಾಯಿ ಹಿಡಿದು ನೆಲದಡಿಯ ನೀರು ನೋಡುವವರನ್ನೇ ಕರೆದು ಪರೀಕ್ಷೆ ಮಾಡಿಸುತ್ತೇನೆ, ಆಮೇಲೆ ಅದರ ಫಲ ಏನೆಂದು ಅವರ ಬಾಯಲ್ಲೇ ಊರ ಗ್ರೂಪಿನಲ್ಲಿ ಹೇಳಿಸುತ್ತೇನೆ ಎಂದು ನಾನು ಹೇಳಿದೆ. ಒಬ್ಬರೂ ಒಪ್ಪಲಿಲ್ಲ. "ಆಗದ ಮಾತು ಬಿಡಿ. ಒಂದು ಲಿಂಕ್ ಹಾಕಿ ಸುಮ್ನಿರಿ, ಊರವರ ಕೂಡ ಯಾಕೆ ನಿಷ್ಠುರ?" ಎಂದರು. ಈಗ ಅದು ಆಗಿದೆ. ಹೇಗಾಯಿತು ಎಂದು ಫೋನಿನಲ್ಲಿ ಕೇಳುವವರು ಜಾಸ್ತಿಯಾಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹೊಳಲ್ಕೆರೆ ಕಡೆಯ ಊರು. ಅಡಿಕೆ ತೋಟ, ಬೋರ್‌ವೆಲ್, ಸಾಲ. ನನ್ನ ಭಾವ ಒಂದೇ ಬೇಸಿಗೆಯಲ್ಲಿ ಮೂರು ಬೋರ್ ಕೊರೆಸಿದರು. ಮೂರಕ್ಕೂ ಪಾಯಿಂಟ್ ಹಾಕಿದ್ದು ಕಾಯಿ ನೋಡಿಯೇ. ಮೊದಲನೆಯದು 600 ಅಡಿ, ಎರಡನೆಯದು 700ರ ಹತ್ತಿರ, ಮೂರನೆಯದು 800 ದಾಟಿತು. ಬಂದದ್ದು ಧೂಳು. ಅಡಿಗೆ ನೂರು ರೂಪಾಯಿ ಆಸುಪಾಸು, ಕೇಸಿಂಗ್ ಬೇರೆ, ಲಾರಿಯವರ ಊಟ ಬೇರೆ. ಎಲ್ಲ ಸೇರಿ ಎರಡೂವರೆ ಲಕ್ಷ ದಾಟಿತ್ತು. ಅಕ್ಕನ ಸರ ಬ್ಯಾಂಕಿಗೆ ಹೋಯಿತು. ಅದೇ ವಾರ ಗ್ರೂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದರು. ಅಂಗೈ ಮೇಲೆ ಅಡ್ಡ ಮಲಗಿದ್ದ ಕಾಯಿ ನೆಟ್ಟಗೆ ಎದ್ದು ನಿಲ್ಲುತ್ತದೆ, ಕೆಳಗೆ "ನಮ್ಮ ಹಿರಿಯರ ವಿಜ್ಞಾನ" ಎಂದು ಬರೆದಿದೆ. ನನಗೆ ತಡೆಯಲು ಆಗಲಿಲ್ಲ.

ಆಗ ಮಾಡಿದ್ದು ದೊಡ್ಡ ತಪ್ಪು. ಹನ್ನೆರಡು ಲಿಂಕ್ ಹುಡುಕಿ, ಮೂರು ಪುಟದ ಪಿಡಿಎಫ್ ಮಾಡಿ ಗ್ರೂಪಿಗೆ ಹಾಕಿದೆ. ಯಾರೂ ತೆರೆದೂ ನೋಡಲಿಲ್ಲ. ಮಾರನೇ ದಿನ ಒಬ್ಬರು ಜರ್ಮನಿಯ ಸಂಶೋಧನೆ ಎಂದು ಒಂದು ಸುದ್ದಿ ಹಾಕಿದರು. ಮ್ಯೂನಿಕ್‌ನ ವಿಜ್ಞಾನಿಗಳೇ ಕಡ್ಡಿ ಹಿಡಿದು ನೀರು ನೋಡುವುದನ್ನು ಸಾಬೀತು ಮಾಡಿದ್ದಾರೆ, ಈಗ ಏನಂತೀರಿ ಮೇಷ್ಟ್ರೇ ಎಂದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ.

ಆ ವಾರವೇ ನನಗೆ ಹುಡುಕುವುದನ್ನು ಕಲಿಸಿತು. ಮ್ಯೂನಿಕ್‌ನ ಪ್ರಯೋಗ ಸುಳ್ಳಲ್ಲ. 1987–88ರಲ್ಲಿ ನಡೆದದ್ದು. ಸುಮಾರು 500 ಜನರನ್ನು ಮೊದಲು ಸೋಸಿ, ಅವರಲ್ಲಿ ಚುರುಕಾದ 43 ಜನರನ್ನು ಆರಿಸಿದರು. ಒಂದು ಕಣಜದ ಕೆಳ ಅಂತಸ್ತಿನಲ್ಲಿ ನೀರಿನ ಪೈಪನ್ನು ಅತ್ತಿತ್ತ ಸರಿಸುತ್ತಿದ್ದರು. ಪೈಪ್ ಎಲ್ಲಿದೆ ಎಂದು ಮೇಲಿನ ಅಂತಸ್ತಿನವರು ಹೇಳಬೇಕು. 843 ಸಲ ಪರೀಕ್ಷೆ ಆಯಿತು. ಬಹಳ ಜನರಿಗೆ ಆಗಲಿಲ್ಲ, ಕೆಲವರಿಗೆ ಮಾತ್ರ ನಿಜವಾದ ಶಕ್ತಿ ಇದೆ ಎಂದು ಅವರು ಬರೆದರು. ಫಾರ್ವರ್ಡ್ ಅಲ್ಲಿಗೇ ನಿಂತಿತ್ತು. ನಾನು ಸಂಶೋಧನಾ ಬರಹ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಆ ವರದಿಯನ್ನು ಯಾರ್ಯಾರು ಉಲ್ಲೇಖಿಸಿದ್ದಾರೆ ಎಂದು ಒಂದೊಂದೇ ತೆರೆದು ನೋಡುತ್ತಾ ಹೋದೆ. ಜಿಮ್ ಎನ್‌ರೈಟ್ ಎಂಬ ಅಮೆರಿಕದ ವಿಜ್ಞಾನಿ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ 1999ರಲ್ಲಿ ಬರೆದದ್ದು ಸಿಕ್ಕಿತು. ಆ "ಶಕ್ತಿವಂತರು" ಒಂದು ಸುತ್ತಿನಲ್ಲಿ ಚೆನ್ನಾಗಿ ಹೇಳಿದರೆ ಇನ್ನೊಂದು ಸುತ್ತಿನಲ್ಲಿ ಸೋತಿದ್ದಾರೆ. ಸುಮ್ನೆ ಊಹಿಸಿದರೂ ಅಷ್ಟೇ ಬರುತ್ತಿತ್ತು. ಅಂದಿನಿಂದ ಇಂದಿನವರೆಗೆ ನಾನು ಯಾವ ಸಂಶೋಧನೆ ಸಿಕ್ಕರೂ ಅದು ಏನು ಹೇಳುತ್ತದೆ ಎಂದು ಮಾತ್ರ ನೋಡುವುದಿಲ್ಲ. ಆಮೇಲೆ ಅದನ್ನು ಯಾರು ಪರೀಕ್ಷಿಸಿದರು ಎಂದು ನೋಡುತ್ತೇನೆ. ನನ್ನ ಹುಡುಕಾಟದ ಮುಕ್ಕಾಲು ಸಮಯ ಅದಕ್ಕೇ ಹೋಗುತ್ತದೆ.

ಆದರೆ ಎನ್‌ರೈಟ್ ಹೆಸರು ಹೇಳಿದರೆ ನಮ್ಮೂರಲ್ಲಿ ಯಾರು ಕೇಳುತ್ತಾರೆ? ಇದು ನನಗೆ ಒನಕೆಯಿಂದ ಗೊತ್ತಿತ್ತು.

ಒನಕೆ ಕಥೆ ನಿಮಗೂ ಗೊತ್ತಿರುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಗ್ರಹಣ ಹಿಡಿದಾಗ ಮಾತ್ರ ಒನಕೆ ನಿಲ್ಲುತ್ತದೆ ಎಂದು, ತಟ್ಟೆಯಲ್ಲಿ ನೀರು ಹಾಕಿ ನಿಲ್ಲಿಸಿದ ವಿಡಿಯೋ ಊರೂರಲ್ಲೂ ಬಂತು. ಅವತ್ತು ನಾನು ಗುರುತ್ವ ಕೇಂದ್ರದ ಚಿತ್ರ ಬರೆದು ವಿವರಿಸಲು ಹೋದೆ. ಎದುರಿಗೆ ಒನಕೆ ನಿಂತೇ ಇತ್ತು, ನನ್ನ ಚಿತ್ರ ಯಾರಿಗೆ ಬೇಕು? 2022ರಲ್ಲಿ ದೀಪಾವಳಿಯ ಮಾರನೇ ದಿನ, ಅಕ್ಟೋಬರ್ 25ಕ್ಕೆ, ಮತ್ತೆ ಗ್ರಹಣ ಇತ್ತು. ಆ ಸಲ ಎಂಟು ದಿನ ಮುಂಚೆಯೇ ಶುರು ಮಾಡಿದೆ. ದಿನಕ್ಕೊಂದು ಮನೆ, ದಿನಕ್ಕೊಬ್ಬ ಅಜ್ಜಿ, ಅವರದೇ ಒನಕೆ. ಗ್ರಹಣ ಇಲ್ಲದ ದಿನ ಅವರ ಕೈಯಲ್ಲೇ ನಿಲ್ಲಿಸಿ ವಿಡಿಯೋ ಹಾಕಿದೆ. ತುದಿಯ ಕಬ್ಬಿಣದ ಬಳೆ ಸವೆದು ಸಮವಾಗಿರುವ ಒನಕೆ ಎರಡು ನಿಮಿಷದಲ್ಲಿ ನಿಲ್ಲುತ್ತದೆ. ಗ್ರಹಣದ ದಿನ ನಮ್ಮ ಗ್ರೂಪಿನಲ್ಲಿ ಒಂದೇ ಒಂದು ಒನಕೆ ವಿಡಿಯೋ ಬರಲಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಎಂಟು ದಿನದ ಖರ್ಚು ಪೆಟ್ರೋಲ್ ಮಾತ್ರ.

ಕಾಯಿಗೂ ಇದೇ ದಾರಿ ಎಂದುಕೊಂಡೆ. ನಂಬುವವರ ಕೈಯಲ್ಲೇ ಮಾಡಿಸಬೇಕು, ಮಾಡುವ ಮುಂಚೆ ಬರೆಸಿಕೊಳ್ಳಬೇಕು.

ಕಾಯಿ ನೋಡುವವರು ಬೇರೆ ಯಾರೂ ಅಲ್ಲ, ನನ್ನ ತಾಯಿಯ ಕಡೆಯ ಮಾವ. ವಯಸ್ಸು ಎಪ್ಪತ್ತರ ಹತ್ತಿರ. ಎಲೆ ಅಡಿಕೆ ಜೊತೆ ಐನೂರೋ ಸಾವಿರವೋ ಕೊಟ್ಟಷ್ಟು ತಗೊಳ್ಳುತ್ತಾರೆ, ಬಡವರಾದರೆ ಅದೂ ಇಲ್ಲ. ಮೋಸ ಅವರ ಹತ್ತಿರವೂ ಸುಳಿಯುವುದಿಲ್ಲ. ನಾನು ಮೊದಲು ಹೇಳಿದ್ದೇ ಅದು: "ಮಾವಾ, ನೀವು ಮೋಸ ಮಾಡ್ತೀರಿ ಅಂತ ನಾನು ಹೇಳ್ತಿಲ್ಲ. ಕಾಯಿ ಎತ್ತೋದು ನೀರೋ, ನಿಮಗೇ ಗೊತ್ತಿಲ್ಲದೆ ಅಲುಗೋ ಬೆರಳೋ, ಅದನ್ನ ನೋಡೋಣ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೋಡೋಣ ಬಿಡು ಅಳಿಯಾ, ನನಗೂ ವಯಸ್ಸಾತು, ತಿಳ್ಕಂಡು ಹೋಗ್ತೀನಿ" ಎಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ಮೊದಲ ಪರೀಕ್ಷೆ ಶಾಲೆಯ ಮೈದಾನದಲ್ಲಿ. ಹತ್ತು ಬಕೆಟ್, ಒಂದರಲ್ಲಿ ನೀರು, ಎಲ್ಲದರ ಮೇಲೂ ರಟ್ಟಿನ ಪೆಟ್ಟಿಗೆ. ಮಾವ ಐದಕ್ಕೆ ಮೂರು ಸರಿ ಹೇಳಿದರು. ಜನ ಸಿಳ್ಳೆ ಹಾಕಿದರು, ವಿಡಿಯೋ ಅರ್ಧ ಗಂಟೆಯಲ್ಲಿ ಗ್ರೂಪಿಗೆ ಬಂತು. ಆಮೇಲೆ ಹೋಗಿ ನೋಡಿದರೆ ನೀರು ತುಂಬಿಸುವಾಗ ಚೆಲ್ಲಿ ನೆಲ ಒದ್ದೆಯಾಗಿತ್ತು. ಮುಂದಿನ ಭಾನುವಾರ ಉಳಿದ ಒಂಬತ್ತು ಬಕೆಟ್‌ಗೆ ಮರಳು ತುಂಬಿಸಿ, ಹತ್ತರ ಸುತ್ತಲೂ ನೀರು ಚಿಮುಕಿಸಿದೆ. ಆಗಲೂ ಕೆಟ್ಟಿತು. ತುಂಬಿಸಿದ ಹುಡುಗರು ಅಲ್ಲೇ ನಿಂತಿದ್ದರು. ಮಾವ ಸರಿಯಾದ ಬಕೆಟ್ ಹತ್ತಿರ ಬಂದಾಗ ಎಲ್ಲರ ಕಣ್ಣೂ ಅಲ್ಲೇ. ಗೊತ್ತಿರುವವರು ಯಾರೂ ಅಲ್ಲಿ ಇರಬಾರದು ಎಂದು ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ, ನಾನೇ ಮರೆತಿದ್ದೆ. ಮೂರನೇ ಸಲ ಹುಡುಗರನ್ನು ಕೋಣೆಯೊಳಗೆ ಕೂರಿಸಿ ಮಾಡಿದಾಗ ಹತ್ತಕ್ಕೆ ಒಂದು ಸರಿ ಬಂತು. ಊಹೆಗೂ ಅಷ್ಟೇ ಬರಬೇಕು. ಗೆದ್ದೆ ಅಂದುಕೊಂಡೆ. ಮಾವ ಹೇಳಿದರು: "ಇದು ನಿಂತ ನೀರು ಕಣಪ್ಪಾ. ಭೂಮಿ ಒಳಗಿಂದು ಹರಿಯೋ ನೀರು."

ತಪ್ಪು ನನ್ನದು. ಇದನ್ನು ಮೊದಲೇ ಕೇಳಿ ಬರೆಸಿಕೊಂಡಿರಲಿಲ್ಲ. ನೀವು ಇದನ್ನೊಂದು ಮರೆತರೆ ಉಳಿದದ್ದೆಲ್ಲ ದಂಡ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡ ಪರೀಕ್ಷೆಗೆ ಸಮಿತಿ ಮಾಡಿದ್ದನ್ನು ನಾವೆಲ್ಲ ಭಾಷಣದಲ್ಲಿ ಹೇಳುತ್ತೇವೆ. ಅಲ್ಲಿಯೂ ಕಷ್ಟವಾದದ್ದು ಪರೀಕ್ಷೆಗೆ ಎರಡು ಕಡೆಯವರೂ ಕೂರುವುದೇ ಅಲ್ವಾ? ನಮ್ಮ ಮಾವ ಕೂರಲು ತಯಾರಿದ್ದರು. ನಾನೇ ಷರತ್ತು ಸರಿಯಾಗಿ ಕೇಳಿರಲಿಲ್ಲ.

ಹರಿಯುವ ನೀರಿಗೆ ಪೈಪ್ ಬೇಕು. ಪವಾಡಗಳನ್ನು ಪರೀಕ್ಷಿಸುತ್ತಿದ್ದ ಅಮೆರಿಕದ ಜಾದೂಗಾರ ಜೇಮ್ಸ್ ರ‍್ಯಾಂಡಿ 1979ರಲ್ಲಿ ಇಟಲಿಯಲ್ಲಿ ನೆಲದಡಿ ಪೈಪ್ ಹೂತು ಇಂಥದ್ದೇ ಪರೀಕ್ಷೆ ಮಾಡಿದ್ದರು. ನಾನು ಭಾವನ ತೋಟದ ಪಕ್ಕದ ಬಯಲಲ್ಲಿ ಐದು ಪಿವಿಸಿ ಪೈಪನ್ನು ಒಂದಡಿ ಆಳಕ್ಕೆ, ಹತ್ತು ಹತ್ತು ಅಡಿ ದೂರಕ್ಕೆ ಹೂತೆ. ಪೈಪು, ವಾಲು, ಬೆಂಡು, ಎರಡು ದಿನದ ಕೂಲಿ ಸೇರಿ ಹನ್ನೊಂದು ಸಾವಿರ ಚಿಲ್ಲರೆ ಆಯಿತು. ಹೆಂಡತಿಗೆ ಆರು ಸಾವಿರ ಎಂದು ಹೇಳಿದ್ದೆ. ಮೊದಲ ಸಲ ನೀರು ಬಿಟ್ಟಾಗ ಪೈಪಿನ ಬಾಯಲ್ಲಿ ಸುರಿಯುವ ಸದ್ದು ಇಪ್ಪತ್ತು ಹೆಜ್ಜೆ ದೂರಕ್ಕೆ ಕೇಳುತ್ತಿತ್ತು. ಮತ್ತೆ ಅಗೆದು ಐದೂ ಪೈಪಿನ ಕೊನೆಯನ್ನು ಒಂದೇ ದಪ್ಪ ಪೈಪಿಗೆ ಸೇರಿಸಿ ದೂರದ ಗುಂಡಿಗೆ ಬಿಟ್ಟೆ. ಈಗ ಯಾವುದರಲ್ಲಿ ಹರಿದರೂ ಸದ್ದು ಒಂದೇ ಕಡೆ. ವಾಲ್ ತಿರುಗಿಸುವ ಸದ್ದನ್ನು ಮುಚ್ಚಲು ಒಂದು ಉಪಾಯ ಮಾಡಿದ್ದೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನೀರು ನೋಡುವವರೂ ಇದನ್ನು ಓದುತ್ತಾರೆ, ಮುಂದಿನ ಪರೀಕ್ಷೆಗೆ ಅದು ಬೇಕು.

ಪರೀಕ್ಷೆಗೆ ಮುಂಚೆ ಮಾವ ತಮ್ಮ ಕೈಯಾರೆ ಹಾಳೆ ಮೇಲೆ ಬರೆದರು: ಇದು ಹರಿಯುವ ನೀರು, ಜಾಗ ಸರಿಯಿದೆ, ಕಾಯಿ ನನ್ನದೇ, ಇಪ್ಪತ್ತಕ್ಕೆ ಹನ್ನೆರಡಾದರೂ ಸರಿ ಹೇಳುತ್ತೇನೆ. ಹನ್ನೆರಡು ಬಂದರೆ ಹತ್ತು ಸಾವಿರ ಕೊಟ್ಟು ಗ್ರೂಪಿನಲ್ಲಿ ಕೈಮುಗಿಯುತ್ತೇನೆ ಎಂದು ನಾನೂ ಬರೆದೆ. ಸುಮ್ನೆ ಊಹೆಯಿಂದ ಹನ್ನೆರಡು ಬರುವುದು ಹತ್ತು ಸಾವಿರಕ್ಕೆ ಒಂದು ಸಲ. ಮೊದಲು ಯಾವ ಪೈಪ್ ಎಂದು ಹೇಳಿಯೇ ನಡೆಸಿದೆವು. ಐದಕ್ಕೆ ಐದೂ ಸಲ ಕಾಯಿ ಎದ್ದು ನಿಂತಿತು. ಈ ಭಾಗ ಬಿಡಬೇಡಿ, ಆಮೇಲೆ "ಇವತ್ತು ದಿನ ಸರಿ ಇಲ್ಲ" ಎನ್ನಲು ಬರುವುದಿಲ್ಲ. ನಂತರ ಮೋಟಾರ್ ಮನೆಯ ಬಾಗಿಲು ಹಾಕಿ, ಒಳಗೆ ಇಬ್ಬರು ಹುಡುಗಿಯರು ಚೊಂಬಿನಿಂದ ಚೀಟಿ ಎತ್ತಿ ವಾಲ್ ತಿರುಗಿಸಿ, ಪುಸ್ತಕದಲ್ಲಿ ಬರೆದುಕೊಂಡು ಪೀಪಿ ಊದುತ್ತಿದ್ದರು. ಹೊರಗೆ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮುಗಿಯುವಾಗ ಮಧ್ಯಾಹ್ನ ಆಗಿತ್ತು.

ಇಪ್ಪತ್ತಕ್ಕೆ ಮೂರು. ಊಹೆಗೆ ನಾಲ್ಕು ಬರಬೇಕಿತ್ತು.

ಯಾರೂ ಮಾತಾಡಲಿಲ್ಲ. ಮಾವ ಒಳಗಿನದು, ಹೊರಗಿನದು ಎರಡೂ ಪುಸ್ತಕ ತರಿಸಿ ಬೆರಳಿಟ್ಟು ಸಾಲು ಸಾಲಾಗಿ ನೋಡಿದರು. "ಹಂಗಾರೆ ಇಷ್ಟು ದಿನ ಎತ್ತಿದ್ದು ನನ್ನ ಕೈಯೇನಾ?" ಎಂದು ಕೇಳಿದರು. ನಾನು ಅವರ ಕೈ ಹಿಡಿದುಕೊಂಡೆ, ಬೇರೇನೂ ಹೇಳಲು ಬರಲಿಲ್ಲ. ಅವತ್ತು ವಿಡಿಯೋ ಹಾಕಬೇಡಿ ಎಂದು ಎಲ್ಲರಿಗೂ ಹೇಳಿದೆ. ನಾಲ್ಕು ದಿನ ಬಿಟ್ಟು ಮಾವನೇ ಗ್ರೂಪಿಗೆ ಎರಡು ನಿಮಿಷದ ವಾಯ್ಸ್ ಮೆಸೇಜ್ ಹಾಕಿದರು. ನಾನು ಪರೀಕ್ಷೆ ಕೊಟ್ಟೆ, ಆಗಲಿಲ್ಲ, ಇನ್ನು ಮೇಲೆ ನನ್ನ ಕಾಯಿ ನಂಬಿ ಯಾರೂ ಲಕ್ಷ ಸುರಿಯಬೇಡಿ ಎಂದು. ಅದು ಚಿತ್ರದುರ್ಗ ದಾಟಿ ಚನ್ನಗಿರಿ ಕಡೆಯಿಂದ ಬೇರೆ ಯಾರೋ ನನಗೇ ಫಾರ್ವರ್ಡ್ ಮಾಡಿದರು. ನನ್ನ ಪಿಡಿಎಫ್ ಹೊಸ್ತಿಲನ್ನೂ ದಾಟಿರಲಿಲ್ಲ.

ಲಿಂಕ್ ಹಾಕಿದ್ದು ಅದಾದ ಮೇಲೆ, ಒಂದೇ ಒಂದು. ಕೇಂದ್ರ ಅಂತರ್ಜಲ ಮಂಡಳಿಯ ನಮ್ಮ ಜಿಲ್ಲೆಯ ವರದಿ, ಅದೂ ಎರಡು ಪುಟದ ಫೋಟೋ ಮಾತ್ರ, ಮೇಲೆ ನನ್ನ ಕನ್ನಡದಲ್ಲಿ ನಾಲ್ಕು ಸಾಲು. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರಿರುವುದು ಶಿಥಿಲವಾದ ಪದರದಲ್ಲಿ ಮತ್ತು ಬಂಡೆಯ ಬಿರುಕಿನಲ್ಲಿ, ಕೆಳಗೆ ಹೊಳೆ ಹರಿಯುತ್ತಿಲ್ಲ. ಈಗ ಜನ ಓದಿದರು, ಪ್ರಶ್ನೆ ಕೇಳಿದರು. ಒಬ್ಬರು ಶ್ರೀಲಂಕಾದಲ್ಲಿ ಜರ್ಮನ್ ಕಡ್ಡಿಯವರು ತೋರಿಸಿದ ಏಳುನೂರರ ಹತ್ತಿರ ಬೋರ್‌ಗಳಲ್ಲಿ ನೂರಕ್ಕೆ 96 ನೀರು ಬಂತಲ್ಲ ಎಂದರು. ಒಳ್ಳೆ ಪ್ರಶ್ನೆ. ಅದೇ ಜಾಗದಲ್ಲಿ ಕಣ್ಣುಮುಚ್ಚಿ ಕೊರೆದಿದ್ದರೆ ಎಷ್ಟಕ್ಕೆ ಬರುತ್ತಿತ್ತು ಎಂಬ ಲೆಕ್ಕ ಅದರಲ್ಲಿಲ್ಲ ಎಂದೆ. ನಮ್ಮೂರ ಹಳೇ ಬೋರ್‌ಗಳನ್ನೇ ತಗೊಂಡು ವಿವರಿಸಿದೆ.

ಆಮೇಲಿನ ಎರಡು ಬೇಸಿಗೆಯಲ್ಲಿ ಊರಲ್ಲಿ ಹದಿನಾಲ್ಕು ಬೋರ್ ಆದವು. ಒಂಬತ್ತು ಜನ ನಾಲ್ಕೈದು ಸಾವಿರ ಕೊಟ್ಟು ಭೂವಿಜ್ಞಾನಿಯಿಂದ ಸರ್ವೆ ಮಾಡಿಸಿದರು, ಐದು ಜನ ಬೇರೆ ಊರಿನ ಕಾಯಿಯವರನ್ನು ಕರೆಸಿದರು. ಒಂಬತ್ತರಲ್ಲಿ ಆರಕ್ಕೆ, ಐದರಲ್ಲಿ ಮೂರಕ್ಕೆ ನೀರು ಬಂತು. ಇಷ್ಟು ಸಣ್ಣ ಲೆಕ್ಕ ಹಿಡಿದು ಸರ್ವೆ ಗೆದ್ದಿತು ಎಂದು ಎಲ್ಲೂ ಹೇಳಬೇಡಿ, ನಾನೂ ಹೇಳುವುದಿಲ್ಲ. ನನಗೆ ಸಮಾಧಾನ ಆದದ್ದು ಬೇರೆಯದಕ್ಕೆ. ಸರ್ವೆಯವರು ಇಲ್ಲಿ ಬೇಡ ಎಂದು ಹೇಳಿದ್ದಕ್ಕೆ ಇಬ್ಬರು ಬೋರ್ ಕೊರೆಸದೇ ಬಿಟ್ಟರು. ಕಾಯಿ ಯಾವತ್ತೂ ಬೇಡ ಎಂದದ್ದನ್ನು ನಾನು ಕಂಡಿಲ್ಲ.

ನಡುವೆ ಸಣ್ಣ ಪ್ರಯೋಗಗಳೂ ಆದವು. ನಿಂಬೆಹಣ್ಣಿನಲ್ಲಿ ರಕ್ತ ಬರಿಸುವುದಕ್ಕೆ ಕೆಂಪು ದಾಸವಾಳದ ರಸವನ್ನು ಚಾಕುವಿಗೆ ಸವರಿ ಒಣಗಿಸಿ ನೋಡಿದೆ. ತೆಳುವಾಗಿ ಎರಡು ಸಲ ಸವರಿದರೆ ಕಾಣುವುದಿಲ್ಲ, ಬಣ್ಣವೂ ಚೆನ್ನಾಗಿ ಬರುತ್ತದೆ. ಜುಲೈ ಬಂದರೆ ಭೂಮಿ ಸೂರ್ಯನಿಂದ ದೂರ ಹೋಗಿದೆ, ಚಳಿ ಕೆಮ್ಮು ಜಾಸ್ತಿ ಆಗುತ್ತದೆ ಎಂಬ ಮೆಸೇಜ್ ಬರುತ್ತದಲ್ಲ, ಅದನ್ನು ಎಂಟನೇ ಕ್ಲಾಸಿನವರಿಗೆ ಬಿಟ್ಟೆ. ಮೆಸೇಜಿನಲ್ಲಿ ಮಾಮೂಲಿ ದೂರ 9 ಕೋಟಿ ಕಿಲೋಮೀಟರ್, ಈಗ 15.2 ಕೋಟಿ ಎಂದಿರುತ್ತದೆ. ಎರಡನೆಯದು ಸರಿ, ಮೊದಲನೆಯದು ಸುಳ್ಳು. ಅತಿ ಹತ್ತಿರ ಬಂದಾಗಲೂ 14.7 ಕೋಟಿ, ವ್ಯತ್ಯಾಸ ನೂರಕ್ಕೆ ಮೂರೂ ಚಿಲ್ಲರೆ. ಅಷ್ಟು ಹತ್ತಿರ ಬರುವುದು ಜನವರಿಯ ಮೊದಲ ವಾರ, ನಾವು ಕಂಬಳಿ ಹೊದ್ದಿರುವ ಕಾಲ. ಒಬ್ಬ ಹುಡುಗ ಇದನ್ನು ಮೂವತ್ತು ಸೆಕೆಂಡಿನ ವಾಯ್ಸ್ ಮಾಡಿ, ಮೆಸೇಜ್ ಹಾಕಿದ ತನ್ನ ಚಿಕ್ಕಪ್ಪನಿಗೆ ಬೇರೆಯಾಗಿ ಕಳಿಸಿದ. ಚಿಕ್ಕಪ್ಪ ತಾವೇ ಅಳಿಸಿದರು. ಗ್ರೂಪಿನಲ್ಲಿ ಎಲ್ಲರ ಎದುರು ತಿದ್ದಿದ್ದರೆ ಅಳಿಸುತ್ತಿರಲಿಲ್ಲ. ಹಿರಿಯರಿಗೆ ಮೊದಲು ಒಬ್ಬರಿಗೇ ಹೇಳಿ, ಅವರೇ ತೆಗೆಯಲು ಒಂದು ದಿನ ಬಿಡಿ.

ಪೈಪುಗಳನ್ನು ಇನ್ನೂ ಕಿತ್ತಿಲ್ಲ. ತಾಮ್ರದ ತಂತಿ ಹಿಡಿದು ನೀರು ನೋಡುವ ಪಕ್ಕದೂರಿನವರು ಒಪ್ಪಿದ್ದಾರೆ, ಹಾಳೆ ಬರೆಸಿಯಾಗಿದೆ. ಅಡಿಕೆ ಕೊಯ್ಲು ಮುಗಿದ ಮೇಲಿನ ಭಾನುವಾರ ಎಂದು ಮಾತಾಗಿದೆ. ಈ ಸಲ ಹೊರಗೆ ನಿಂತು ಲೆಕ್ಕ ಬರೆಯುವವರು ಮಾವ.