ಲಿನಕ್ಸ್‌ಗೆ ಪ್ರಿಂಟರ್ ಜೋಡಿಸುವುದು ಹೇಗೆ? ಮೊದಲು ವಿಳಾಸ, ಆಮೇಲೆ ಡ್ರೈವರ್

ಲಿನಕ್ಸ್ ಕಂಪ್ಯೂಟರಿಗೆ ಪ್ರಿಂಟರ್ ಜೋಡಿಸಲು ಕೂತವರು ಮೊದಲು ಮಾಡುವ ಕೆಲಸವೆಂದರೆ ಕಂಪನಿಯ ಜಾಲತಾಣದಲ್ಲಿ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಹುಡುಕುವುದು. ಸಿಗುವುದಿಲ್ಲ, ಸಿಕ್ಕರೂ ಓಬೀರಾಯನ ಕಾಲದ್ದು. ಅದನ್ನೇ ಹೇಗೋ ತುರುಕಿ, ಒಂದೇ ಪ್ರಿಂಟರಿಗೆ ನಾಲ್ಕು ಹೆಸರಿನ ನಾಲ್ಕು ಕ್ಯೂ (ಮುದ್ರಣದ ಸರದಿ) ಮಾಡಿಟ್ಟು, ಯಾವುದಕ್ಕೆ ಕೊಟ್ಟರೆ ಹಾಳೆ ಬಂದೀತು ಎಂದು ದಿನವೂ ಅದೃಷ್ಟ ಪರೀಕ್ಷೆ ನಡೆಸುತ್ತಾರೆ. ಈಚಿನ ವೈಫೈ ಪ್ರಿಂಟರುಗಳಲ್ಲಿ ಹೆಚ್ಚಿನವಕ್ಕೆ ಡ್ರೈವರೇ ಬೇಡ. ಡಬ್ಬದ ಮೇಲೆ ಏರ್‌ಪ್ರಿಂಟ್ ಅಥವಾ ಮೊಪ್ರಿಯಾ ಎಂದಿದ್ದರೆ ಲಿನಕ್ಸ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಅದರೊಡನೆ ನೇರವಾಗಿ ಮಾತಾಡುತ್ತದೆ. ಕೆಲಸ ಕೆಡುವುದು ವಿಳಾಸದಲ್ಲಿ.

(ಕೆಳಗೆ ಬರುವ ವಿಳಾಸ, ಆದೇಶಗಳನ್ನೆಲ್ಲ ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು.)

ವಿಳಾಸ ಗಟ್ಟಿ ಮಾಡಿಕೊಳ್ಳಿ

ರೂಟರ್ ತನಗೆ ಸೇರಿದ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಹಂಚುತ್ತದೆ. ಅದು ಬಾಡಿಗೆ ಮನೆಯಿದ್ದಂತೆ. ಕರೆಂಟ್ ಹೋಗಿ ಬಂದಾಗ, ಇಂದು 192.168.1.7ರಲ್ಲಿದ್ದ ಪ್ರಿಂಟರ್ ನಾಳೆ 192.168.1.12ಕ್ಕೆ ಹೋಗಿರಬಹುದು. ಕಂಪ್ಯೂಟರ್ ಮಾತ್ರ ಹಳೆಯ ಬಾಗಿಲನ್ನೇ ಬಡಿಯುತ್ತಿರುತ್ತದೆ. ‘ನಿನ್ನೆ ಚೆನ್ನಾಗಿತ್ತು, ಇವತ್ತು ಬರುತ್ತಿಲ್ಲ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಪ್ರಿಂಟರಿನ ಮೆನುವಿನಿಂದ ನೆಟ್‌ವರ್ಕ್ ವಿವರದ ಹಾಳೆಯೊಂದನ್ನು ಮುದ್ರಿಸಿಕೊಳ್ಳಿ. ಅದರಲ್ಲಿ ಹನ್ನೆರಡು ಅಕ್ಷರ–ಅಂಕಿಗಳ ಮ್ಯಾಕ್ ವಿಳಾಸ, ಅಂದರೆ ಆ ಸಾಧನದ ಗುರುತು, ಇರುತ್ತದೆ. ರೂಟರಿನ ಪುಟಕ್ಕೆ ಹೋಗಿ ಡಿಎಚ್‌ಸಿಪಿ (ವಿಳಾಸ ಹಂಚುವ) ವಿಭಾಗದಲ್ಲಿ ‘ಅಡ್ರೆಸ್ ರಿಸರ್ವೇಶನ್’ ಹುಡುಕಿ, ಆ ಮ್ಯಾಕ್‌ಗೆ 192.168.1.50ರಂಥ ಒಂದು ವಿಳಾಸ ಕಾಯ್ದಿರಿಸಿ, ಪ್ರಿಂಟರನ್ನು ಆರಿಸಿ ಹಚ್ಚಿ. ಕೆಲವರು ಪ್ರಿಂಟರಿನ ಪರದೆಯಲ್ಲೇ ಸ್ಥಿರ ವಿಳಾಸ ಬರೆದುಬಿಡುತ್ತಾರೆ. ಅದೇ ಸಂಖ್ಯೆಯನ್ನು ರೂಟರ್ ಯಾರದೋ ಫೋನಿಗೆ ಕೊಟ್ಟ ದಿನ ಎರಡೂ ಕೆಡುತ್ತವೆ. ರೂಟರಿನಲ್ಲೇ ಮಾಡಿ.

ಈಗ ಬ್ರೌಸರಿನಲ್ಲಿ 192.168.1.50 ಎಂದು ಹೊಡೆಯಿರಿ. ಪ್ರಿಂಟರಿನದೇ ಪುಟ ತೆರೆಯಬೇಕು. ತೆರೆಯದಿದ್ದರೆ ಮುಂದೆ ಹೋಗಬೇಡಿ, ಡ್ರೈವರನ್ನಂತೂ ಮುಟ್ಟಲೇಬೇಡಿ. ಪ್ರಿಂಟರ್ ‘ಗೆಸ್ಟ್’ ವೈಫೈಗೆ ಸೇರಿಕೊಂಡಿದೆಯೇ ನೋಡಿ; ಅಲ್ಲಿ ಸಾಧನಗಳು ಒಂದಕ್ಕೊಂದು ಕಾಣದಂತೆ ರೂಟರ್ ಗೋಡೆ ಕಟ್ಟಿರುತ್ತದೆ. ಸಿಗ್ನಲ್ ಸಾಲದೆಂದು ಒಳಕೋಣೆಯಲ್ಲಿ ಎರಡನೇ ರೂಟರ್ ಇಟ್ಟಿದ್ದರೆ ಅದನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ. ಇಲ್ಲವಾದರೆ ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್ ಆಗಿರುತ್ತದೆ. ಅಗ್ಗದ ಪ್ರಿಂಟರುಗಳಲ್ಲಿ ಅನೇಕವು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ ಎಂಬುದೂ ನೆನಪಿರಲಿ. ಪ್ರಿಂಟರಿಗೆ ಲ್ಯಾನ್ ಕೇಬಲ್ ಹಾಕುವ ಕಿಂಡಿಯಿದ್ದರೆ ವೈಫೈ ಯೋಚನೆಯನ್ನೇ ಬಿಟ್ಟು ಕೇಬಲ್ ಎಳೆಯಿರಿ.

ಕಪ್ಸ್‌ಗೆ ಸೇರಿಸುವುದು

ಬ್ರೌಸರಿನಲ್ಲಿ 127.0.0.1:631 ತೆರೆದು ‘ಅಡ್ಮಿನಿಸ್ಟ್ರೇಶನ್’, ಅಲ್ಲಿ ‘ಆ್ಯಡ್ ಪ್ರಿಂಟರ್’. ಪ್ರಮಾಣಪತ್ರ ಸರಿಯಿಲ್ಲವೆಂದು ಬ್ರೌಸರ್ ಹೆದರಿಸಿದರೆ ಮುಂದುವರಿಯಿರಿ. ಅದು ನಿಮ್ಮ ಕಂಪ್ಯೂಟರೇ ಬರೆದುಕೊಂಡ ಪ್ರಮಾಣಪತ್ರ. ಕೇಳುವ ಹೆಸರು, ಪಾಸ್‌ವರ್ಡ್ ನಿಮ್ಮ ಲಿನಕ್ಸ್ ಲಾಗಿನ್‌ನವು. ಉಬುಂಟು, ಮಿಂಟ್, ಡೆಬಿಯನ್‌ಗಳಲ್ಲಿ ಒಪ್ಪದಿದ್ದರೆ ನಿಮ್ಮ ಹೆಸರು ‘ಎಲ್‌ಪಿಅಡ್ಮಿನ್’ ಗುಂಪಿನಲ್ಲಿಲ್ಲ ಎಂದರ್ಥ. ಸೇರಿಸಿ, ಲಾಗ್‌ಔಟ್ ಆಗಿ ಬನ್ನಿ.

ಎಡವುವುದು ಮುಂದಿನ ಪುಟದಲ್ಲಿ. ಒಂದೇ ಪ್ರಿಂಟರ್ ಮೂರ್ನಾಲ್ಕು ಸಾಲುಗಳಲ್ಲಿ ಕಾಣುತ್ತದೆ. ‘ಡ್ರೈವರ್‌ಲೆಸ್’ ಎಂದು ಬರೆದ ಸಾಲಿದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ‘ಇಂಟರ್ನೆಟ್ ಪ್ರಿಂಟಿಂಗ್ ಪ್ರೊಟೊಕಾಲ್ (ಐಪಿಪಿ)’ ಆರಿಸಿ, ವಿಳಾಸವನ್ನು ಐಪಿಪಿ://192.168.1.50/ಐಪಿಪಿ/ಪ್ರಿಂಟ್ ಎಂದು ಕೈಯಾರೆ ಕೊಡಿ. ಮಾದರಿ ಕೇಳಿದಾಗ ‘ಐಪಿಪಿ ಎವ್ರಿವೇರ್’ ಎನ್ನಿ. ಆ್ಯಪ್‌ಸಾಕೆಟ್ ಅಥವಾ ಜೆಟ್‌ಡೈರೆಕ್ಟ್ ಎಂಬ ಸಾಲು 9100 ಪೋರ್ಟ್‌ನದು. ಅದು ಬಂದದ್ದನ್ನು ಬಂದ ಹಾಗೆಯೇ ಪ್ರಿಂಟರಿಗೆ ಸುರಿಯುತ್ತದೆ. ಡ್ರೈವರ್ ಹೊಂದದಿದ್ದರೆ ಶೇಕಡಾ ಚಿಹ್ನೆ, ಉದ್ಗಾರ ಚಿಹ್ನೆಯಿಂದ ಶುರುವಾಗುವ ಅರ್ಥವಿಲ್ಲದ ಸಾಲುಗಳು ಹಾಳೆ ಹಾಳೆಯಾಗಿ ಹೊರಬರುತ್ತವೆ. ಹಾಗಾದರೆ ಮೊದಲು ಹಾಳೆಯ ಟ್ರೇ ಎಳೆದುಬಿಡಿ, ಕಂಪ್ಯೂಟರಿನಲ್ಲಿ ಕ್ಯೂ ಖಾಲಿ ಮಾಡಿ, ಆಮೇಲೆ ಪ್ರಿಂಟರ್ ಆಫ್ ಮಾಡಿ. ಕ್ಯೂ ಖಾಲಿ ಮಾಡದೆ ಪ್ರಿಂಟರನ್ನಷ್ಟೇ ಆರಿಸಿ ಹಚ್ಚಿದರೆ ಮತ್ತೆ ಅದೇ ರಗಳೆ.

ಕ್ಯೂ ಹೆಸರಿನಲ್ಲಿ ಜಾಗ ಬಿಡಬೇಡಿ, ಓರೆಗೆರೆ ಬೇಡ. ಸೇರಿಸಿದ ಕೂಡಲೇ ‘ಸೆಟ್ ಡಿಫಾಲ್ಟ್ ಆಪ್ಶನ್ಸ್’ಗೆ ಹೋಗಿ ಹಾಳೆಯ ಅಳತೆಯನ್ನು ಎ4 ಮಾಡಿ. ಅಮೆರಿಕದ ‘ಲೆಟರ್’ ಹಾಳೆ 279 ಮಿ.ಮೀ. ಉದ್ದ, ನಮ್ಮ ಎ4 297. ಇದನ್ನು ಬದಲಿಸದೆ ಬಿಟ್ಟರೆ ಟ್ರೇ ತುಂಬ ಹಾಳೆ ಇದ್ದರೂ ಪ್ರಿಂಟರ್ ದೀಪ ಮಿಣುಕಿಸುತ್ತ ‘ಹಾಳೆ ಹಾಕಿ’ ಎಂದು ಕೂರುತ್ತದೆ.

ಹಳೆಯ ಯುಎಸ್‌ಬಿ ಪ್ರಿಂಟರು

ಎಚ್‌ಪಿ ಲೇಸರ್‌ಜೆಟ್ 1020 ಇದ್ದರೆ ಎಚ್‌ಪ್ಲಿಪ್ ಪ್ಯಾಕೇಜ್ ಹಾಕಿ, ಟರ್ಮಿನಲ್‌ನಲ್ಲಿ ‘ಎಚ್‌ಪಿ-ಪ್ಲಗಿನ್’ ಓಡಿಸಿ. ಆಫ್ ಮಾಡಿದರೆ ಈ ಪ್ರಿಂಟರಿನಲ್ಲಿ ಅದರ ಫರ್ಮ್‌ವೇರ್ (ಅದನ್ನು ನಡೆಸುವ ಒಳ ತಂತ್ರಾಂಶ) ಉಳಿಯುವುದಿಲ್ಲ. ಪ್ರತಿ ಸಲ ಹಚ್ಚಿದಾಗಲೂ ಕಂಪ್ಯೂಟರೇ ಅದಕ್ಕೆ ಫರ್ಮ್‌ವೇರ್ ತಿನ್ನಿಸಬೇಕು, ಅದನ್ನು ಮಾಡುವುದು ಆ ಪ್ಲಗಿನ್. ಎಚ್‌ಪ್ಲಿಪ್‌ನ ಆವೃತ್ತಿಗೂ ಪ್ಲಗಿನ್‌ನ ಆವೃತ್ತಿಗೂ ತಾಳೆಯಾಗಬೇಕು. ಹಾಗಾಗಿ ಸಿಸ್ಟಂ ಅಪ್‌ಗ್ರೇಡ್ ಆದ ಮೇಲೆ ಮುದ್ರಣ ನಿಂತರೆ ಗಾಬರಿ ಬೇಡ, ಅದೇ ಆದೇಶವನ್ನು ಮತ್ತೆ ಓಡಿಸಿ. ಬ್ರದರ್‌ನ ಅನೇಕ ಲೇಸರ್‌ಗಳಿಗೆ ‘ಬಿಆರ್‌ಲೇಸರ್’, ಎಪ್ಸನ್ ಎಲ್ ಸರಣಿಯ ಹೆಚ್ಚಿನವಕ್ಕೆ ‘ಎಸ್ಕ್‌ಪಿಆರ್’ ಪ್ಯಾಕೇಜ್ ಸಾಕು. ಕ್ಯಾನನ್ ಎಲ್‌ಬಿಪಿ 2900 ಮಾತ್ರ ತಲೆನೋವು. ಅದು ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಷ್ಟೇ ಮಾತಾಡುತ್ತದೆ. ಇರುವುದನ್ನು ಹೇಗೋ ನಡೆಸಿಕೊಳ್ಳಬಹುದು. ಲಿನಕ್ಸ್‌ಗೆಂದು ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಳ್ಳಲು ಹೋಗಬೇಡಿ, ಎಷ್ಟೇ ಅಗ್ಗಕ್ಕೆ ಸಿಕ್ಕರೂ.

ಇತರರಿಗೆ ಹಂಚುವುದು

ಯುಎಸ್‌ಬಿ ಪ್ರಿಂಟರ್ ಹೊತ್ತ ಲಿನಕ್ಸ್ ಯಂತ್ರವೇ ಇಡೀ ಕಚೇರಿಗೆ ಮುದ್ರಣದ ಸರ್ವರ್ ಆಗಬಲ್ಲದು. ಮೂಲೆಗೆ ಸೇರಿದ ಹಳೆಯ ಕಂಪ್ಯೂಟರ್ ಸಾಕು. ಕಪ್ಸ್‌ನ ಅಡ್ಮಿನಿಸ್ಟ್ರೇಶನ್ ಪುಟದಲ್ಲಿ ‘ಶೇರ್ ಪ್ರಿಂಟರ್ಸ್’ ಗುರುತು ಹಾಕಿ. ಆ ಪ್ರಿಂಟರಿನದೇ ಪುಟದಲ್ಲೂ ‘ಶೇರ್ ದಿಸ್ ಪ್ರಿಂಟರ್’ ಹಾಕಿ. ಎರಡರಲ್ಲಿ ಒಂದನ್ನು ಮರೆಯುವುದೇ ಹೆಚ್ಚು. ಪಕ್ಕದಲ್ಲಿರುವ ‘ಇಂಟರ್ನೆಟ್‌ನಿಂದ ಮುದ್ರಣಕ್ಕೆ ಅನುಮತಿ’ಯನ್ನು ಮುಟ್ಟಬೇಡಿ.

ಫೈರ್‌ವಾಲ್‌ನಲ್ಲಿ ಟಿಸಿಪಿ 631, ಯುಡಿಪಿ 5353 ತೆರೆಯಿರಿ, ಅದೂ ಮನೆಯ ಅಥವಾ ಕಚೇರಿಯ ನೆಟ್‌ವರ್ಕ್‌ಗೆ ಮಾತ್ರ. ಯುಡಿಪಿ 631 ಬೇಡ. 2024ರ ಸೆಪ್ಟೆಂಬರ್‌ನಲ್ಲಿ ಬಯಲಾದ ಕಪ್ಸ್-ಬ್ರೌಸ್ಡ್ (ನೆಟ್‌ವರ್ಕಿನಲ್ಲಿ ಪ್ರಿಂಟರ್ ಹುಡುಕುವ ಸೇವೆ) ದೋಷದಲ್ಲಿ ಹೊರಗಿನವರು ನುಸುಳಬಹುದಾಗಿದ್ದ ಕಿಂಡಿ ಅದೇ. ಸರ್ವರ್ ಯಂತ್ರಕ್ಕೂ ರೂಟರಿನಲ್ಲಿ ವಿಳಾಸ ಕಾಯ್ದಿರಿಸಿ, ಅದರ ‘ಸಸ್ಪೆಂಡ್’ ಆಯ್ಕೆಯನ್ನು ತೆಗೆಯಿರಿ. ಸರ್ವರ್ ಮಲಗಿದ್ದರೆ ಯಾರ ಹಾಳೆಯೂ ಬಾರದು.

ಉಳಿದ ಲಿನಕ್ಸ್ ಯಂತ್ರಗಳಲ್ಲಿ ಪ್ರಿಂಟರ್ ತಾನಾಗಿಯೇ ಪಟ್ಟಿಯಲ್ಲಿ ಕಾಣುತ್ತದೆ. ಅಲ್ಲಿ ಮತ್ತೆ ಆ ಪ್ರಿಂಟರಿನ ಡ್ರೈವರ್ ಹಾಕಬಾರದು. ಸರ್ವರ್ ಒಮ್ಮೆ ಪರಿವರ್ತಿಸುತ್ತದೆ, ಇಲ್ಲೂ ಪರಿವರ್ತಿಸಿದರೆ ಹಾಳೆಯಲ್ಲಿ ಕಸ ಬೀಳುತ್ತದೆ. ವಿಂಡೋಸ್‌ನವರು ‘ಹೆಸರಿನಿಂದ ಪ್ರಿಂಟರ್ ಆರಿಸಿ’ ಎಂಬಲ್ಲಿ ಎಚ್‌ಟಿಟಿಪಿ://192.168.1.10:631/ಪ್ರಿಂಟರ್ಸ್/ ಎಂದು ಸರ್ವರಿನ ವಿಳಾಸ ಕೊಟ್ಟು, ಮುಂದೆ ಕ್ಯೂ ಹೆಸರು ಬರೆಯಬೇಕು. ಡ್ರೈವರ್ ಕೇಳಿದರೆ ‘ಜೆನೆರಿಕ್’ ಪಟ್ಟಿಯ ‘ಎಂಎಸ್ ಪಬ್ಲಿಷರ್ ಕಲರ್ ಪ್ರಿಂಟರ್’. ಹೆಸರು ವಿಚಿತ್ರ ಎನಿಸಿದರೂ ಅದು ಪೋಸ್ಟ್‌ಸ್ಕ್ರಿಪ್ಟ್ ಎಂಬ ಸಾದಾ ಮುದ್ರಣ ಭಾಷೆಯಲ್ಲಿ ಕಳಿಸುತ್ತದೆ, ಅದು ಕಪ್ಸ್‌ಗೆ ಅರ್ಥವಾಗುತ್ತದೆ.

ವಿಂಡೋಸ್‌ಗೆ ಸಿಕ್ಕಿಸಿದ ಪ್ರಿಂಟರನ್ನು ಲಿನಕ್ಸ್‌ನಿಂದ ಬಳಸುವುದೂ ಸಾಧ್ಯ, ಆದರೆ ಯುಎಸ್‌ಬಿ ಕೇಬಲನ್ನು ಲಿನಕ್ಸ್ ಯಂತ್ರಕ್ಕೆ ಬದಲಿಸುವುದೇ ಮೇಲು. ಅದು ಆಗದೆಂದಾದರೆ ಎಸ್‌ಎಂಬಿಕ್ಲೈಂಟ್ ಪ್ಯಾಕೇಜ್ ಹಾಕಿ, ವಿಂಡೋಸ್‌ನಲ್ಲಿ ಮುದ್ರಣಕ್ಕೆಂದೇ ಬೇರೆ ಖಾತೆ ತೆರೆಯಿರಿ. ಪಿನ್ ನಡೆಯದು, ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಕಪ್ಸ್‌ಗೆ ಕೊಡುವ ಪ್ರಿಂಟರ್ ವಿಳಾಸದ ಜೊತೆಗೇ ಬರೆದ ಪಾಸ್‌ವರ್ಡ್ ಅದರ ಫೈಲಿನಲ್ಲಿ ಓದಲು ಬರುವಂತೆ ಹಾಗೆಯೇ ಉಳಿಯುತ್ತದೆ. ಬೇರೆ ಖಾತೆ ಎಂದದ್ದು ಅದಕ್ಕೇ.

ಎಲ್ಲ ಸರಿಯಿದ್ದೂ ಹಾಳೆ ಬಾರದಿದ್ದರೆ

ಕಪ್ಸ್‌ನ ಪ್ರಿಂಟರ್ ಪುಟದಲ್ಲಿ ‘ಪಾಝ್ಡ್’ (ತಡೆದು ನಿಲ್ಲಿಸಿದೆ) ಎಂದಿದೆಯೇ ನೋಡಿ. ಒಮ್ಮೆ ಸಂಪರ್ಕ ತಪ್ಪಿದರೂ ಕೆಲವು ಲಿನಕ್ಸ್‌ಗಳಲ್ಲಿ ಇಡೀ ಕ್ಯೂ ನಿಂತುಬಿಡುತ್ತದೆ, ಪ್ರಿಂಟರ್ ಮರಳಿ ಬಂದರೂ ತಾನಾಗಿ ಏಳುವುದಿಲ್ಲ. ‘ರೆಸ್ಯೂಮ್ ಪ್ರಿಂಟರ್’ ಒತ್ತಿ, ಆಮೇಲೆ ‘ಸೆಟ್ ಡಿಫಾಲ್ಟ್ ಆಪ್ಶನ್ಸ್’ನ ‘ಪಾಲಿಸೀಸ್’ನಲ್ಲಿ ‘ರಿಟ್ರೈ-ಜಾಬ್’ ಆರಿಸಿಡಿ.

ಪರೀಕ್ಷಾ ಪುಟ ಚೆನ್ನಾಗಿ ಬಂದು ಕನ್ನಡದ ಪತ್ರ ಮಾತ್ರ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಬಂದರೆ ತಪ್ಪು ಪ್ರಿಂಟರಿನದಲ್ಲ. ಆ ಫೈಲು ಹಳೆಯ ‘ನುಡಿ’ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟಿನದು, ಆ ಫಾಂಟು ನಿಮ್ಮ ಲಿನಕ್ಸ್‌ನಲ್ಲಿಲ್ಲ. ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಸಿ ತರಿಸಿಕೊಳ್ಳಿ.