ಮಳೆಗೆ ಮೊದಲು ಹಂಚಿನ ಮಾಡು

ಮೇ ಮುಗಿಯುವುದರೊಳಗೆ ಹಂಚು ಕೈಯಾಡಿಸಿ, ಅಂದರೆ ತೆಗೆದು ಚೊಕ್ಕ ಮಾಡಿ ಮತ್ತೆ ಹೊದಿಸಿ. ಹಂಚು ಒಡೆಯದೆಯೂ ಸೋರುತ್ತದೆ: ಒಂದಕ್ಕೊಂದು ಕಚ್ಚಿಕೊಳ್ಳುವ ಸಂದಿನಲ್ಲಿ ಎಲೆ, ಪಾಚಿ ಕೂತರೆ ನೀರು ಕಟ್ಟಿ ರೀಪಿಗೆ (ಹಂಚು ಕೂರುವ ಮರದ ಪಟ್ಟಿಗೆ) ಇಳಿಯುತ್ತದೆ. ನಾರಿನ ಬ್ರಷ್‌ನಲ್ಲಿ ತಿಕ್ಕಿ. ತಂತಿ ಬ್ರಷ್ ಖಂಡಿತ ಬೇಡ, ಹಂಚಿನ ಮೈ ಕಿತ್ತುಬರುತ್ತದೆ.

ಬದಲಿ ಹಂಚು ತರುವಾಗ ಹಳೆಯದೊಂದನ್ನು ಜೊತೆಗೆ ಒಯ್ಯಿರಿ. ಕಾರ್ಖಾನೆಗೊಂದು ಅಚ್ಚು, ಕಚ್ಚು ಹೊಂದದಿದ್ದರೆ ಗಾಳಿಮಳೆಗೆ ನೀರು ಒಳನುಗ್ಗುತ್ತದೆ. ಬಡಿದಾಗ ಕಣಕಣ ಎನ್ನಬೇಕು. ಮಂಕು ಸದ್ದಾದರೆ ಬಿರುಕಿರುತ್ತದೆ, ಇಲ್ಲವೇ ಸರಿಯಾಗಿ ಬೆಂದಿರುವುದಿಲ್ಲ.

ಕಾರವಾರ, ಅಂಕೋಲೆಯ ಕಡಲಬದಿಯಲ್ಲಿ ಎರಡು ಮಾಡು ಸೇರುವ ಮೂಲೆಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಬೇಡ, ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಾಕಿ, ಅದಕ್ಕೆ ಕಬ್ಬಿಣದ ಮೊಳೆ ಹೊಡೆಯಬೇಡಿ. ಶಿರಸಿ ಕಡೆ ಒರಲೆಯ (ಗೆದ್ದಲಿನ) ಚಿಂತೆ ಹೆಚ್ಚು: ಪಕಾಸು (ಮಾಡು ಹೊರುವ ಇಳಿಜಾರು ಮರ) ಗೋಡೆಗೆ ಕೂರುವ ತುದಿಯನ್ನು ಚಾಕುವಿನಿಂದ ಚುಚ್ಚಿ ನೋಡಿ, ಮೆತ್ತಗಿದ್ದರೆ ಈಗಲೇ ಬದಲಿಸಿ. ಒದ್ದೆ ಮಾಡು ಮಾತ್ರ ಹತ್ತಲೇಬೇಡಿ.